ಭಾರದ ಟ್ರೈಲರ್ ಎಳೆಯಲು ಪಿಕಪ್ ಸಜ್ಜು ಮಾಡುವುದು ಹೇಗೆ?

ಮಧ್ಯಮ ಗಾತ್ರದ ಪಿಕಪ್ ಕೊಳ್ಳುವಾಗ ಎಲ್ಲರ ಕಣ್ಣಿಗೆ ಬೀಳುವುದು ಒಂದೇ ಅಂಕಿ: ‘3,500 ಕೆ.ಜಿ. ಎಳೆಯುತ್ತದೆ’. ಆ ಅಂಕಿ ಸುಳ್ಳಲ್ಲ. ಆದರೆ ಮನೆಮಂದಿ ಕೂತು, ಹಿಂದೆ ಸಾಮಾನು ತುಂಬಿದ ಮೇಲೆ ಅಷ್ಟು ಭಾರ ಎಳೆಯಲು ಆಗುವುದು ತೀರಾ ಅಪರೂಪ. ಎಂಜಿನ್ನಿನ ಶಕ್ತಿ ಮುಗಿಯುವ ಎಷ್ಟೋ ಮೊದಲೇ ಹಿಂದಿನ ಆಕ್ಸಲ್ ಮತ್ತು ಟಯರ್‌ಗಳ ಮಿತಿ ಮುಗಿದಿರುತ್ತದೆ. ಹಾಗಾಗಿ ಹಿಚ್ (ಟ್ರೈಲರ್ ಸಿಕ್ಕಿಸುವ ಕೊಂಡಿ), ಬ್ರೇಕ್ ಕಂಟ್ರೋಲರ್ (ಟ್ರೈಲರ್‌ನ ಬ್ರೇಕ್ ನಡೆಸುವ ಉಪಕರಣ) ಅಂತ ಅಂಗಡಿಗೆ ಹೊರಡುವ ಮೊದಲು ಒಂದು ಹಾಳೆ, ಪೆನ್ನು ಹಿಡಿದುಕೊಂಡು ಗಾಡಿಯ ಬಾಗಿಲು ತೆರೆಯಿರಿ.

ಮೊದಲು ಲೆಕ್ಕ, ಆಮೇಲೆ ಖರೀದಿ

ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ಇಲ್ಲದ್ದು ಗಾಡಿಯ ಕೈಪಿಡಿಯಲ್ಲಿ ಸಿಗುತ್ತದೆ. ನಾಲ್ಕು ಅಂಕಿ ಬರೆದುಕೊಳ್ಳಿ: ತುಂಬಿದ ಗಾಡಿಯ ಗರಿಷ್ಠ ತೂಕ, ಹಿಂದಿನ ಆಕ್ಸಲ್ ಹೊರಬಹುದಾದ ತೂಕ, ಗಾಡಿ ಮತ್ತು ಟ್ರೈಲರ್ ಸೇರಿ ಇರಬಹುದಾದ ಒಟ್ಟು ತೂಕ, ಮತ್ತೆ ಪೇಲೋಡ್. ಪೇಲೋಡ್ ಎಂದರೆ ಗಾಡಿ ತನ್ನ ಮೈಮೇಲೆ ಹೊರಬಹುದಾದ ಭಾರ. ಜನ, ಚೀಲ, ಟೂಲ್ ಬಾಕ್ಸ್, ಆಮೇಲೆ ಹಾಕಿಸಿದ ಬುಲ್ ಬಾರ್, ಹಿಂದಿನ ಮುಚ್ಚಳ ಎಲ್ಲವೂ ಇದರ ಲೆಕ್ಕಕ್ಕೇ ಬರುತ್ತವೆ.

ಇನ್ನೊಂದು ಭಾರವೂ ಇಲ್ಲೇ ಸೇರುತ್ತದೆ. ಬಹಳ ಜನ ಮರೆಯುವುದು ಅದನ್ನೇ. ಟ್ರೈಲರ್‌ನ ಮೂತಿ ಗಾಡಿಯ ಬಾಲ್ (ಹಿಚ್ ಮೇಲಿನ ಲೋಹದ ಗುಂಡು) ಮೇಲೆ ಕೂರುತ್ತದಲ್ಲ, ಆ ಭಾರ. ಸಾಮಾನ್ಯವಾಗಿ ಇದು ಟ್ರೈಲರ್ ತೂಕದ ಶೇ 10ರಿಂದ 15ರಷ್ಟು ಇರಬೇಕು ಎನ್ನುತ್ತಾರೆ. ಯುರೋಪಿನಲ್ಲಿ ಇದಕ್ಕಿಂತ ಕಡಿಮೆ ಇಡುವುದು ರೂಢಿ. ಅಲ್ಲಿ ಟ್ರೈಲರ್‌ಗಳ ರಚನೆಯೂ ಬೇರೆ, ವೇಗದ ಮಿತಿಯೂ ಬೇರೆ.

ಒಂದು ಲೆಕ್ಕ ಹಾಕಿ ನೋಡೋಣ. ಗಾಡಿಯ ಪೇಲೋಡ್ 650 ಕೆ.ಜಿ., ಟ್ರೈಲರ್ ತೂಕ 2,800 ಕೆ.ಜಿ. ಅಂದುಕೊಳ್ಳಿ. ಶೇ 12ರ ಲೆಕ್ಕದಲ್ಲಿ ಬಾಲ್ ಮೇಲೆ 336 ಕೆ.ಜಿ. ಬೀಳುತ್ತದೆ. ಹಿಚ್ ಸಾಮಗ್ರಿ 40 ಕೆ.ಜಿ. ನಾಲ್ಕು ಜನ ಸೇರಿ 280. ಒಟ್ಟು 656. ಒಂದು ಚೀಲವನ್ನೂ ಇಡುವ ಮೊದಲೇ ಮಿತಿ ದಾಟಿತು! ಎಳೆಯುವ ಮಿತಿಗೆ ಇನ್ನೂ 700 ಕೆ.ಜಿ. ಬಾಕಿ ಇದ್ದರೂ ಈ ಗಾಡಿ ತುಂಬಿಹೋಗಿದೆ.

ಒಟ್ಟು ತೂಕದ ಮಿತಿಯೂ ಹೀಗೆಯೇ ಕಟ್ಟಿಹಾಕುತ್ತದೆ. ಗಾಡಿ, ಟ್ರೈಲರ್ ಸೇರಿ 6,000 ಕೆ.ಜಿ. ಮಿತಿ ಇದೆ, ತುಂಬಿದ ಗಾಡಿಯೇ 3,200 ತೂಗುತ್ತದೆ ಎಂದರೆ ಟ್ರೈಲರ್‌ಗೆ ಉಳಿಯುವುದು 2,800 ಮಾತ್ರ.

ಹಾಗಾದರೆ ಜಾಹೀರಾತಿನ ಅಂಕಿ ಎಲ್ಲಿಂದ ಬರುತ್ತದೆ? ಅಮೆರಿಕದಲ್ಲಿ ಇದಕ್ಕೆ ಎಸ್‌ಎಇ ಜೆ2807 ಎಂಬ ಮಾನದಂಡವಿದೆ, ವಾಹನ ಎಂಜಿನಿಯರ್‌ಗಳ ಸಂಘ ರೂಪಿಸಿದ್ದು. ಅದರ ಒಂದು ಪರೀಕ್ಷೆ ಅರಿಜೋನಾದ ಡೇವಿಸ್ ಡ್ಯಾಮ್ ಏರನ್ನು ಅಳತೆಗೋಲಾಗಿ ಇಟ್ಟುಕೊಂಡದ್ದು. ಸುಮಾರು 18 ಕಿ.ಮೀ. ಉದ್ದದ ಏರು, 38 ಡಿಗ್ರಿ ಬಿಸಿಲು, ಎ.ಸಿ. ಪೂರ್ತಿ ಹಾಕಿರಬೇಕು, ವೇಗ ಗಂಟೆಗೆ 64 ಕಿ.ಮೀ.ಗಿಂತ ಇಳಿಯಬಾರದು. ಕಠಿಣ ಪರೀಕ್ಷೆಯೇ. ಆದರೆ ಲೆಕ್ಕದ ಪ್ರಕಾರ ಗಾಡಿಯಲ್ಲಿ ಇರುವುದು ತಲಾ 68 ಕೆ.ಜಿ. ತೂಕದ ಇಬ್ಬರು ಮಾತ್ರ. ನಿಮ್ಮ ಪ್ರಯಾಣ ಹಾಗಿರುವುದಿಲ್ಲ, ಅಲ್ವಾ? ಎಲ್ಲ ಮಿತಿಗಳಲ್ಲೂ ಶೇ 15–20ರಷ್ಟು ಜಾಗ ಬಿಟ್ಟುಕೊಂಡು ಟ್ರೈಲರ್ ಆರಿಸಿ ಎಂಬುದು ನನ್ನ ಸಲಹೆ. ಎತ್ತರದ ಬೆಟ್ಟದ ದಾರಿಯಾದರೆ ಇನ್ನೂ ಜಾಸ್ತಿ ಬಿಡಿ. ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ.

ವೇಬ್ರಿಡ್ಜ್ ಹತ್ತಿಸಿ

ಟ್ರೈಲರ್ ತಯಾರಕರು ಬರೆದ ಖಾಲಿ ತೂಕವನ್ನು ನಂಬಿ ಕೂರಬೇಡಿ. ಬ್ಯಾಟರಿ, ಗ್ಯಾಸ್ ಸಿಲಿಂಡರ್, ನೀರು ಸೇರಿದ ಮೇಲೆ ಅದು ಎಲ್ಲಿಗೋ ಹೋಗಿರುತ್ತದೆ. 150 ಲೀಟರ್ ನೀರಿನ ಟ್ಯಾಂಕ್ ತುಂಬಿದರೆ ಅಲ್ಲಿಗೇ 150 ಕೆ.ಜಿ. ಆಯಿತು.

ಪ್ರಯಾಣಕ್ಕೆ ಹೊರಟಂತೆಯೇ ಎಲ್ಲ ತುಂಬಿ, ಜನರನ್ನೂ ಕೂರಿಸಿ ತೂಕ ಮಾಡಿಸಿ. ಮೊದಲು ಗಾಡಿ ಒಂದೇ. ಆಮೇಲೆ ಟ್ರೈಲರ್ ಕಟ್ಟಿ, ಗಾಡಿಯ ನಾಲ್ಕು ಚಕ್ರ ಮಾತ್ರ ವೇಬ್ರಿಡ್ಜ್ ಮೇಲೆ ಇರುವಂತೆ ನಿಲ್ಲಿಸಿ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಬಾಲ್ ಮೇಲಿನ ಭಾರ ಸಿಗುತ್ತದೆ. ಮೂರನೆಯ ಸಲ ಎಲ್ಲವನ್ನೂ ಒಟ್ಟಿಗೆ ಹತ್ತಿಸಿ. ಇದರಲ್ಲಿ ಗಾಡಿಯ ತೂಕ ಕಳೆದರೆ ಟ್ರೈಲರ್‌ನ ನಿಜವಾದ ತೂಕ. ಟ್ರೈಲರ್ ಕಟ್ಟಿಕೊಂಡೇ ಹಿಂದಿನ ಆಕ್ಸಲ್ ಒಂದನ್ನೇ ತೂಗಿಸುವುದನ್ನು ಮರೆಯಬೇಡಿ. ಮಧ್ಯಮ ಪಿಕಪ್‌ಗಳು ಸೋಲುವುದು ಹೆಚ್ಚಾಗಿ ಅಲ್ಲೇ.

ಹಿಚ್, ಬಾಲ್, ಎತ್ತರ

ಚಾಸಿಗೆ ಬೋಲ್ಟ್ ಆಗಿರುವ ರಿಸೀವರ್ (ಹಿಚ್ ತೂರಿಸುವ ಚೌಕ ಕೊಳವೆ) ಮೇಲಿನ ಲೇಬಲ್‌ನಲ್ಲಿ ಅನೇಕ ಸಲ ಎರಡು ಸಾಲು ಅಂಕಿ ಇರುತ್ತವೆ. ಒಂದು ಬರೀ ಬಾಲ್ ಮೇಲೆ ಎಳೆಯುವಾಗಿನ ಮಿತಿ. ಇನ್ನೊಂದು ಭಾರ ಹಂಚುವ ಹಿಚ್ (ಇದರ ವಿವರ ಮುಂದೆ ಇದೆ) ಹಾಕಿದಾಗಿನ ಮಿತಿ. ಎರಡೂ ಒಂದೇ ಅಂತ ತಿಳಿಯಬೇಡಿ. ರಿಸೀವರ್, ಬಾಲ್ ಮೌಂಟ್ (ಬಾಲ್ ಕೂರಿಸುವ ತೋಳು), ಬಾಲ್, ಕಪ್ಲರ್ (ಟ್ರೈಲರ್ ಮೂತಿಯಲ್ಲಿ ಬಾಲ್ ಹಿಡಿಯುವ ಭಾಗ) – ಇವುಗಳಲ್ಲಿ ಯಾವುದರ ಮಿತಿ ಎಲ್ಲಕ್ಕಿಂತ ಕಡಿಮೆಯೋ ಅದೇ ನಿಮ್ಮ ಮಿತಿ.

ಬಾಲ್ ಅಳತೆ ಕಪ್ಲರ್ ಮೇಲೆ ಬರೆದ ಅಳತೆಗೆ ಸರಿಯಾಗಿ ಹೊಂದಬೇಕು. 50 ಮಿ.ಮೀ., 2 ಇಂಚು, 2-5/16 ಇಂಚು – ಇವು ಹೆಚ್ಚು ಬಳಕೆಯಲ್ಲಿರುವ ಅಳತೆಗಳು. 2-5/16 ಕಪ್ಲರ್ ಒಳಗೆ 2 ಇಂಚಿನ ಬಾಲ್ ಸುಲಭವಾಗಿ ಕೂರುತ್ತದೆ, ಲಾಕ್ ಆದಂತೆಯೂ ಕಾಣುತ್ತದೆ. ಮೊದಲ ದೊಡ್ಡ ಗುಂಡಿಯಲ್ಲಿ ಹಾರಿ ಹೊರಬರುತ್ತದೆ. ಕೂತಿದೆಯೋ ಇಲ್ಲವೋ ನೋಡಲು ಒಂದು ಒಳ್ಳೆಯ ದಾರಿ ಇದೆ: ಲಾಕ್ ಮಾಡಿ ಪಿನ್ ಹಾಕಿದ ಮೇಲೆ ಟ್ರೈಲರ್ ಜಾಕ್ ತಿರುಗಿಸಿ ಮೂತಿಯನ್ನು ಎತ್ತಿ. ಗಾಡಿಯ ಹಿಂಭಾಗವೂ ಜೊತೆಗೇ ಎದ್ದರೆ ಸರಿಯಾಗಿ ಕೂತಿದೆ.

ಟ್ರೈಲರ್ ನೆಲಕ್ಕೆ ಸಮವಾಗಿ, ಇಲ್ಲವೇ ಮೂತಿ ತುಸು ಕೆಳಗಾಗಿ ನಿಲ್ಲಬೇಕು. ಮೂತಿ ಮೇಲಾದರೆ ಓಲಾಟ ಹೆಚ್ಚುತ್ತದೆ. ಎತ್ತರ ಸರಿಹೊಂದಿಸಲು ಬಾಲ್ ಮೌಂಟ್‌ಗಳು ಬೇರೆ ಬೇರೆ ಇಳಿಕೆಯಲ್ಲಿ ಸಿಗುತ್ತವೆ. ಸುರಕ್ಷತಾ ಸರಪಳಿಗಳನ್ನು ಕಪ್ಲರ್ ಕೆಳಗೆ ಅಡ್ಡಡ್ಡ ದಾಟಿಸಿ ಕಟ್ಟಿ. ಕಪ್ಲರ್ ಕಳಚಿದರೂ ಮೂತಿ ನೆಲಕ್ಕೆ ಬೀಳದೆ ಸರಪಳಿಗಳ ಮೇಲೆ ಕೂರುತ್ತದೆ.

ಮುಂದಿನ ಚಕ್ರದ ಭಾರ ವಾಪಸ್ ತರುವುದು

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ. ಬಾಲ್ ಇರುವುದು ಹಿಂದಿನ ಆಕ್ಸಲ್‌ಗಿಂತ ಒಂದು ಮೀಟರಿಗೂ ಹೆಚ್ಚು ಹಿಂದೆ. ಅಲ್ಲಿ ಭಾರ ಬಿದ್ದರೆ ಗಾಡಿ ಏತಪಾತದಂತೆ ಆಡುತ್ತದೆ: ಹಿಂದೆ ಕುಗ್ಗುತ್ತದೆ, ಮುಂದೆ ಏಳುತ್ತದೆ. ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವಿನ ಅಂತರ 3.2 ಮೀಟರ್, ಬಾಲ್ 1.2 ಮೀಟರ್ ಹಿಂದೆ, ಭಾರ 300 ಕೆ.ಜಿ. ಇದ್ದರೆ ಮುಂದಿನ ಚಕ್ರಗಳಿಂದ ಸುಮಾರು 112 ಕೆ.ಜಿ. ಇಳಿದುಹೋಗುತ್ತದೆ. ಹಿಂದಿನ ಆಕ್ಸಲ್ ಮೇಲೆ 300 ಅಲ್ಲ, 412 ಕೆ.ಜಿ. ಬೀಳುತ್ತದೆ. ಸ್ಟಿಯರಿಂಗ್ ಹಗುರಾಗುತ್ತದೆ. ಮುಂದಿನ ಬ್ರೇಕ್‌ನ ಹಿಡಿತವೂ ತಗ್ಗುತ್ತದೆ.

ಭಾರ ಹಂಚುವ ಹಿಚ್ ಇರುವುದು ಇದಕ್ಕಾಗಿಯೇ. ಅದರ ಎರಡು ಸ್ಪ್ರಿಂಗ್ ಬಾರ್‌ಗಳನ್ನು ಬಿಗಿದಾಗ ಸ್ವಲ್ಪ ಭಾರ ಗಾಡಿಯ ಮುಂದಿನ ಚಕ್ರಗಳಿಗೂ ಸ್ವಲ್ಪ ಟ್ರೈಲರ್‌ನ ಆಕ್ಸಲ್‌ಗೂ ಹೋಗುತ್ತದೆ. ಹೊಂದಿಸುವುದು ಕಷ್ಟವಲ್ಲ, ಒಂದು ಟೇಪ್ ಸಾಕು. ಸಮತಟ್ಟಾದ ಜಾಗದಲ್ಲಿ ಟ್ರೈಲರ್ ಕಟ್ಟದೆ, ಮುಂದಿನ ಚಕ್ರದ ಕಮಾನು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. 90 ಸೆಂ.ಮೀ. ಅನ್ನಿ. ಬಾರ್ ಬಿಗಿಯದೆ ಟ್ರೈಲರ್ ಕಟ್ಟಿ ಮತ್ತೆ ಅಳೆಯಿರಿ. 93 ಬಂತು. ಈಗ ಬಾರ್ ಬಿಗಿಯುತ್ತಾ ಆ ಏರಿಕೆಯ ಅರ್ಧವನ್ನು ಇಳಿಸಿ, ಅಂದರೆ 91.5ಕ್ಕೆ ತನ್ನಿ. ಅನೇಕ ತಯಾರಕರು ಅರ್ಧ ಸಾಕು ಎನ್ನುತ್ತಾರೆ. ನಿಮ್ಮ ಕೈಪಿಡಿ ಬೇರೆ ಹೇಳಿದರೆ ಅದರಂತೆಯೇ ಮಾಡಿ. ಯಾವ ಕಾರಣಕ್ಕೂ ಮೂಲ 90ಕ್ಕಿಂತ ಕೆಳಗೆ ಎಳೆಯಬೇಡಿ. ಆಗ ಹಿಂದಿನ ಚಕ್ರ ಹಗುರಾಗಿ ತಿರುವಿನಲ್ಲಿ ಜಾರುವ ಅಪಾಯವಿದೆ.

ಈ ಹಿಚ್ ಹಾಕಿದ ಮಾತ್ರಕ್ಕೆ ಗಾಡಿಯ ಪೇಲೋಡ್ ಹೆಚ್ಚುವುದಿಲ್ಲ. ಕೆಲವು ಗಾಡಿಗಳಲ್ಲಿ ಇದನ್ನು ಬಳಸಬಾರದು ಎಂದೂ ಇದೆ. ಟ್ರೈಲರ್ ಮುಂದಕ್ಕೆ ತಳ್ಳುವ ಒತ್ತಡದಿಂದ ಕೆಲಸ ಮಾಡುವ ಓವರ್‌ರನ್ ಬ್ರೇಕ್ ಇರುವ ಟ್ರೈಲರ್‌ಗಳಿಗೆ ಎಲ್ಲ ಮಾದರಿಯೂ ಹೊಂದುವುದಿಲ್ಲ. ಕೇಳಿಯೇ ಕೊಳ್ಳಿ.

ಇದರ ಬದಲು ಹಿಂದಿನ ಸ್ಪ್ರಿಂಗ್ ಜೊತೆ ಏರ್ ಬ್ಯಾಗ್ ಹಾಕಿಸಿದರೆ ಆಗದೇ ಎಂದು ತುಂಬ ಜನ ಕೇಳುತ್ತಾರೆ. ಏರ್ ಬ್ಯಾಗ್ ಹಿಂಭಾಗವನ್ನು ಎತ್ತುತ್ತದೆ, ನೋಡಲು ಗಾಡಿ ಸಮವಾಗಿರುತ್ತದೆ. ಆದರೆ ಮುಂದಿನ ಚಕ್ರದಿಂದ ಹೋದ ಭಾರ ವಾಪಸ್ ಬರುವುದಿಲ್ಲ. ಭಾರದ ಟ್ರೈಲರ್‌ಗೆ ಇದೊಂದನ್ನೇ ನಂಬುವುದು ಸರಿಯಲ್ಲ.

ಬ್ರೇಕ್: ಇಲ್ಲಿ ಕಂಜೂಸ್ ಬೇಡ

ಹಲವು ದೇಶಗಳಲ್ಲಿ 750 ಕೆ.ಜಿ. ದಾಟಿದ ಟ್ರೈಲರ್‌ಗೆ ಅದರದೇ ಬ್ರೇಕ್ ಇರಬೇಕು. ಭಾರದ ಟ್ರೈಲರ್‌ಗಳಲ್ಲಿ ಎಲೆಕ್ಟ್ರಿಕ್ ಬ್ರೇಕ್ ಹೆಚ್ಚು. ಡ್ರಮ್ ಒಳಗಿನ ಮ್ಯಾಗ್ನೆಟ್‌ಗೆ ಎಷ್ಟು ಕರೆಂಟ್ ಹೋಗಬೇಕು ಎಂಬುದನ್ನು ಗಾಡಿಯೊಳಗಿನ ಕಂಟ್ರೋಲರ್ ನಿರ್ಧರಿಸುತ್ತದೆ. ಅಗ್ಗದ ಕಂಟ್ರೋಲರ್‌ಗಳು ನೀವು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಮೊದಲೇ ಹೊಂದಿಸಿದಂತೆಯೇ ಬ್ರೇಕ್ ಹಾಕುತ್ತವೆ. ‘ಪ್ರೊಪೋರ್ಷನಲ್’ ಮಾದರಿ ಗಾಡಿ ಎಷ್ಟು ಬೇಗ ನಿಧಾನವಾಗುತ್ತಿದೆ ಎಂದು ಗ್ರಹಿಸಿ ಅದಕ್ಕೆ ತಕ್ಕಂತೆ ಟ್ರೈಲರ್ ಬ್ರೇಕ್ ಹಾಕುತ್ತದೆ. ಎಲ್ಲದರಲ್ಲೂ ಹಣ ಉಳಿಸಿ, ಇದರಲ್ಲಿ ಮಾತ್ರ ಬೇಡ.

ಹೊಂದಿಸುವ ಕ್ರಮ ಹೀಗೆ. ಖಾಲಿ ಇರುವ, ಒಣಗಿದ, ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುತ್ತಾ ಕಂಟ್ರೋಲರ್‌ನ ಕೈಸ್ವಿಚ್ಚಿನಿಂದ ಟ್ರೈಲರ್ ಬ್ರೇಕ್ ಮಾತ್ರ ಹಾಕಿ. ಟ್ರೈಲರ್ ಚಕ್ರ ಲಾಕ್ ಆಗುವವರೆಗೆ ಗೇನ್ (ಟ್ರೈಲರ್ ಬ್ರೇಕ್‌ನ ಬಲ) ಸ್ವಲ್ಪ ಸ್ವಲ್ಪವೇ ಏರಿಸಿ, ಆಮೇಲೆ ಒಂದು ಹೆಜ್ಜೆ ಇಳಿಸಿ. ಲೋಡ್ ಬದಲಾದಾಗಲೆಲ್ಲ, ಮಳೆ ಬಂದಾಗಲೂ ಮತ್ತೆ ನೋಡಬೇಕು. ಟ್ರೈಲರ್ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಾಕುವ ಬ್ರೇಕ್‌ಅವೇ ಸ್ವಿಚ್‌ನ ತಂತಿಯನ್ನು ಸರಪಳಿಗೆ ಸಿಕ್ಕಿಸಬೇಡಿ, ಗಾಡಿಗೇ ಬೇರೆಯಾಗಿ ಕಟ್ಟಿ. ಅದರ ಬ್ಯಾಟರಿ ಸತ್ತಿದ್ದರೆ ಸ್ವಿಚ್ ಇದ್ದೂ ಇಲ್ಲದಂತೆ.

ವೈರಿಂಗ್‌ಗೆ ಏಳು ಪಿನ್ನಿನ ಸಾಕೆಟ್ ಬೇಕಾಗುತ್ತದೆ. ಲೈಟ್‌ಗಳು ಮಿಣುಕುತ್ತಿದ್ದರೆ, ಇಂಡಿಕೇಟರ್ ಹಾಕಿದಾಗ ಬ್ರೇಕ್ ಲೈಟ್ ಉರಿದರೆ ಮೊದಲು ಅರ್ತ್ ವೈರ್ ನೋಡಿ.

ಟಯರ್, ಬಿಸಿ, ಕನ್ನಡಿ

ಹಿಂದಿನ ಟಯರ್‌ಗಳ ಲೋಡ್ ಇಂಡೆಕ್ಸ್ ಓದಿ. 113 ಎಂದಿದ್ದರೆ ಒಂದು ಟಯರ್ 1,150 ಕೆ.ಜಿ. ಹೊರುತ್ತದೆ, 121 ಆದರೆ 1,450. ವೇಬ್ರಿಡ್ಜ್‌ನಲ್ಲಿ ಬಂದ ಆಕ್ಸಲ್ ತೂಕಕ್ಕೆ ಇದು ಸಾಕೇ ನೋಡಿ. ತುಂಬಿದ ಗಾಡಿಗೆ ಎಷ್ಟು ಗಾಳಿ ಎಂದು ಸ್ಟಿಕ್ಕರ್‌ನಲ್ಲಿ ಇರುತ್ತದೆ. ಟ್ರೈಲರ್ ಟಯರ್‌ಗಳು ಸವೆಯುವ ಮೊದಲೇ ವಯಸ್ಸಾಗಿ ಒಡೆಯುತ್ತವೆ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಐದಾರು ವರ್ಷ ದಾಟಿದ್ದರೆ ಬದಲಿಸಿ.

ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ ದೊಡ್ಡ ಶತ್ರು ಬಿಸಿ. ಟ್ರೈಲರ್ ಎಳೆಯಲೆಂದು ಗಾಡಿಯ ಜೊತೆ ಕೊಡುವ ಟೋ ಪ್ಯಾಕೇಜ್‌ನಲ್ಲಿ ಗೇರ್ ಎಣ್ಣೆಗೆ ಕೂಲರ್ ಬಂದಿದೆಯೇ ವಿಚಾರಿಸಿ. ಬರದಿದ್ದರೆ ಹಾಕಿಸಿ, ಎಣ್ಣೆಯ ಬಿಸಿ ತೋರಿಸುವ ಗೇಜ್ ಕೂಡ ಇರಲಿ. ಎಳೆಯುವ ಗಾಡಿಗೆ ಎಣ್ಣೆ ಬದಲಿಸುವ ಅವಧಿ ಕೈಪಿಡಿಯಲ್ಲೇ ಬೇರೆಯಾಗಿ ಬರೆದಿರುತ್ತದೆ. ಟ್ರೈಲರ್ ಗಾಡಿಗಿಂತ ಅಗಲವಾಗಿದ್ದರೆ ಉದ್ದ ತೋಳಿನ ಕನ್ನಡಿ ಹಾಕಿಸದೆ ರಸ್ತೆಗೆ ಇಳಿಯಬೇಡಿ.

ಲೋಡ್ ಮತ್ತು ಓಲಾಟ

ಭಾರದ ಸಾಮಾನನ್ನು ಟ್ರೈಲರ್ ಆಕ್ಸಲ್‌ಗೆ ಹತ್ತಿರ, ಸ್ವಲ್ಪ ಮುಂದಕ್ಕೆ, ನೆಲಮಟ್ಟದಲ್ಲಿ ಇಡಿ. ಹಿಂದಿನ ತುದಿಯಲ್ಲಿ ಭಾರ ಹೇರಿದರೆ ಬಾಲ್ ಮೇಲಿನ ಭಾರ ಕಡಿಮೆಯಾಗಿ ಟ್ರೈಲರ್ ಓಲಾಡಲು ಶುರುಮಾಡುತ್ತದೆ. ಓಲಾಟಕ್ಕೆ ಬೀಜ ಬೀಳುವುದು ಬಹುತೇಕ ಸಲ ಲೋಡ್ ಮಾಡುವಾಗಲೇ. ವೇಗ ಹೆಚ್ಚಾದಾಗ, ಅಡ್ಡಗಾಳಿ ಬೀಸಿದಾಗ, ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗ ಅದು ಹೊರಗೆ ಬರುತ್ತದೆ.

ಹಾಗಾದಾಗ ಗಾಡಿಯ ಬ್ರೇಕ್ ಒತ್ತಬೇಡಿ, ಸ್ಟಿಯರಿಂಗ್ ಆಚೀಚೆ ತಿರುಗಿಸಬೇಡಿ, ವೇಗ ಹೆಚ್ಚಿಸಿ ನೇರ ಮಾಡಲೂ ಹೋಗಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಸ್ಟಿಯರಿಂಗ್ ನೇರ ಹಿಡಿಯಿರಿ, ಟ್ರೈಲರ್ ಬ್ರೇಕ್ ಮಾತ್ರ ಕೈಯಿಂದ ಹಾಕಿ. ಈ ಸ್ವಿಚ್ ಎಲ್ಲಿದೆ ಎಂದು ಕೈಗೆ ಮೊದಲೇ ರೂಢಿ ಮಾಡಿಸಿ.

ಮೊದಲ ಓಡಾಟ

ಖಾಲಿ ಮೈದಾನದಲ್ಲಿ ಹಿಂದಕ್ಕೆ ತೆಗೆಯುವುದನ್ನು ಕಲಿತು ಆಮೇಲೆ ರಸ್ತೆಗೆ ಬನ್ನಿ. ಸ್ಟಿಯರಿಂಗ್‌ನ ಕೆಳಭಾಗ ಹಿಡಿದುಕೊಂಡರೆ ಕೈ ಯಾವ ಕಡೆ ಹೋಗುತ್ತದೋ ಟ್ರೈಲರ್‌ನ ಹಿಂಭಾಗವೂ ಆ ಕಡೆಗೇ ಹೋಗುತ್ತದೆ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ. ಅರ್ಧ ಇಳಿದ ಮೇಲೆ ನೆನಪಾದರೆ ಬ್ರೇಕ್ ಆಗಲೇ ಕಾದಿರುತ್ತದೆ. ಟ್ರೈಲರ್ ಎಳೆಯಲೆಂದೇ ಇರುವ ಟೋ ಮೋಡ್ ಗಾಡಿಯಲ್ಲಿ ಇದ್ದರೆ ಹಾಕಿಕೊಳ್ಳಿ.

50ರಿಂದ 80 ಕಿ.ಮೀ. ಹೋದ ಮೇಲೆ ಒಮ್ಮೆ ನಿಲ್ಲಿಸಿ. ಟ್ರೈಲರ್‌ನ ವೀಲ್ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೆ ಬಿಗಿಯಿರಿ. ಕಪ್ಲರ್ ಪಿನ್, ಸರಪಳಿ, ವೈರ್ ನೋಡಿ. ಆಮೇಲೆ ಪ್ರತಿ ಚಕ್ರದ ನಡುವಿನ ಹಬ್ ಹತ್ತಿರ ಕೈ ಒಯ್ದು ಬಿಸಿ ನೋಡಿ, ಥಟ್ಟನೆ ಮುಟ್ಟಬೇಡಿ. ಎಲ್ಲ ಒಂದೇ ತರಹ ಬೆಚ್ಚಗಿದ್ದರೆ ತೊಂದರೆ ಇಲ್ಲ. ಒಂದು ಮಾತ್ರ ಉಳಿದವುಗಳಿಗಿಂತ ಜಾಸ್ತಿ ಸುಡುತ್ತಿದ್ದರೆ ಆ ಚಕ್ರದ ಬೇರಿಂಗ್ ಒಣಗಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ. ಅದನ್ನು ಬಿಚ್ಚಿ ನೋಡಿಸದೆ ಅಲ್ಲಿಂದ ಮುಂದೆ ಹೋಗಬೇಡಿ.