ಬೆಟ್ಟದ ಜಲ್ಲಿ ದಾರಿ: ಗ್ರ್ಯಾವೆಲ್ ಬೈಕ್ ರೂಟ್ ಹಾಕುವುದು ಹೇಗೆ?

‘50 ಕಿಲೋಮೀಟರ್ ತಾನೇ, ಮೂರು ಗಂಟೆ ಸಾಕು.’ ಗ್ರ್ಯಾವೆಲ್ ಬೈಕ್ (ಜಲ್ಲಿ, ಮಣ್ಣಿನ ದಾರಿಗೆಂದೇ ಮಾಡಿದ ಅಗಲ ಟೈರಿನ ಸೈಕಲ್) ಹಿಡಿದು ಬೆಟ್ಟಕ್ಕೆ ಹೊರಟವರು ಹೀಗೆ ಹೇಳಿದಾಗಲೆಲ್ಲ ನನಗೆ ಆತಂಕವಾಗುತ್ತದೆ. ಬಯಲಿನಲ್ಲಿ ಈ ಲೆಕ್ಕ ಸರಿ. ಬೆಟ್ಟದಲ್ಲಿ ಅದೇ ದೂರಕ್ಕೆ ಆರು ಗಂಟೆ ಹಿಡಿಯಬಹುದು. ಕೊನೆಯ ಇಳಿಜಾರಿಗೆ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಇಂಥವರ ಸೈಕಲ್ ಚೆನ್ನಾಗಿರುತ್ತದೆ, ಕಾಲಲ್ಲಿ ಶಕ್ತಿಯೂ ಇರುತ್ತದೆ. ತಪ್ಪಿರುವುದು ರೂಟ್. ಅದನ್ನು ಹೊರಡುವ ಮೊದಲು ಮನೆಯಲ್ಲೇ ಕೂತು ಸರಿಮಾಡಿಕೊಳ್ಳಬಹುದು.

ಮೊದಲು ದೂರ ಬಿಡಿ, ಒಟ್ಟು ಏರು ಎಷ್ಟು ಅಂತ ನೋಡಿ. ಶೇ 5ರ ಏರಿನಲ್ಲಿ, ಅಂದರೆ 100 ಮೀಟರ್ ದೂರಕ್ಕೆ 5 ಮೀಟರ್ ಮೇಲೇರುವ ದಾರಿಯಲ್ಲಿ, ಗಂಟೆಗೆ 8 ಕಿ.ಮೀ. ವೇಗದಲ್ಲಿ ಹೋದರೆ ಒಂದು ಗಂಟೆಯಲ್ಲಿ 400 ಮೀಟರ್ ಎತ್ತರ ಏರುತ್ತೀರಿ. ಜಲ್ಲಿಯ ಮೇಲೆ ಹೊಸಬರಿಗೆ ಅದೇ ಜಾಸ್ತಿ. ಅಂದರೆ 1,200 ಮೀಟರ್ ಏರು ಇರುವ ರೂಟ್‌ನಲ್ಲಿ ಹತ್ತುವುದಕ್ಕೇ ಮೂರು ಗಂಟೆ ಬೇಕು. ಇಳಿಯುವುದು, ನಿಲ್ಲುವುದು, ಪಂಕ್ಚರ್ ಹಾಕುವುದು ಎಲ್ಲ ಬೇರೆ. ಮೊದಲ ಸಲಕ್ಕೆ ಒಟ್ಟು 800 ಮೀಟರ್ ದಾಟಬೇಡಿ.

ಎರಡನೆಯದು, ರೂಟ್ ಹಾಕುವ ಯಾವುದಾದರೂ ಆ್ಯಪ್‌ನಲ್ಲಿ ಹೊರಟ ಜಾಗಕ್ಕೇ ಮರಳುವ ಒಂದು ಸುತ್ತು ಎಳೆಯಿರಿ. ಇದು ಐದು ನಿಮಿಷದ ಕೆಲಸ. ತುಂಬ ಜನ ಇಲ್ಲಿಗೇ ನಿಲ್ಲಿಸಿ ಹೊರಟುಬಿಡುತ್ತಾರೆ. ನಿಜವಾದ ಕೆಲಸ ಇಲ್ಲಿಂದ ಶುರು.

ಮೂರನೆಯದು, ಏರನ್ನು ತುಂಡು ತುಂಡಾಗಿ ನೋಡಬೇಕು. 10 ಕಿ.ಮೀ. ಉದ್ದದ ಏರು, ಸರಾಸರಿ ಶೇ 5 ಅಂತ ಆ್ಯಪ್ ಹೇಳುತ್ತದೆ. ಕೇಳಲು ಸುಲಭ, ಅಲ್ವಾ? ಆದರೆ ಅದರಲ್ಲಿ 4 ಕಿ.ಮೀ. ಮಟ್ಟಸವಾಗಿದ್ದರೆ ಉಳಿದ 6 ಕಿ.ಮೀ. ಶೇ 8ಕ್ಕಿಂತ ಕಡಿದಾಗಿರುತ್ತದೆ. ಜಲ್ಲಿಯ ಮೇಲೆ ಈ ವ್ಯತ್ಯಾಸ ದೊಡ್ಡದು. ಶೇ 6ರವರೆಗೆ ಆರಾಮವಾಗಿ ತುಳಿಯಬಹುದು. ಶೇ 10ರ ಹತ್ತಿರ ಬಂದರೆ ಸೀಟಿನಿಂದ ಏಳಬಾರದು. ಎದ್ದರೆ ಹಿಂದಿನ ಚಕ್ರದ ಮೇಲಿನ ಭಾರ ತಗ್ಗಿ ಚಕ್ರ ಸುಮ್ನೆ ತಿರುಗುತ್ತದೆ. ಶೇ 15 ದಾಟಿ ಕಲ್ಲೂ ಸಡಿಲವಾಗಿದ್ದರೆ ಹೆಚ್ಚಿನವರು ಇಳಿದು ತಳ್ಳಲೇಬೇಕು.

ಆ್ಯಪ್ ತೋರಿಸುವ ಏರಿಳಿತದ ಚಿತ್ರವನ್ನೂ ಪೂರ್ತಿ ನಂಬಬೇಡಿ. ಈ ಎತ್ತರದ ಅಂಕಿಗಳು ಎಷ್ಟೋ ಸಲ 2000ನೇ ಇಸವಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರಾಡಾರ್ ಮೂಲಕ ಅಳೆದವು. ಅದರಲ್ಲಿ ಸುಮಾರು 30 ಮೀಟರ್ ಅಗಲ-ಉದ್ದದ ಒಂದು ಚೌಕಕ್ಕೆ ಒಂದೇ ಎತ್ತರ. ಗುಡ್ಡದ ಪಕ್ಕೆ ಕೊರೆದು ಮಾಡಿದ ದಾರಿಯಲ್ಲಿ ಗೆರೆ ಸ್ವಲ್ಪ ಆಚೀಚೆ ಆದರೂ ಸಾಕು, ಇಲ್ಲದ ಶೇ 30ರ ಏರು ಕಾಣಿಸುತ್ತದೆ. ದಾರಿ ಸುರಂಗದೊಳಗೆ ಹೋದರೆ ಆ್ಯಪ್ ನಿಮ್ಮನ್ನು ಬೆಟ್ಟದ ನೆತ್ತಿಗೇ ಹತ್ತಿಸಿಬಿಡಬಹುದು. ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಆ್ಯಪ್ ಏರಿಳಿತದ ಗೆರೆಯನ್ನು ನಯ ಮಾಡುವಾಗ ಹೇರ್‌ಪಿನ್ ತಿರುವಿನ ಹತ್ತಿರದ ಗಿಡ್ಡ, ಕಡಿದಾದ ಏರುಗಳು ಅಳಿಸಿಹೋಗುತ್ತವೆ.

ಹಾಗಾಗಿ ಕಂಟೂರ್ ಗೆರೆಗಳಿರುವ, ಅಂದರೆ ಒಂದೇ ಎತ್ತರದ ಜಾಗಗಳನ್ನು ಗೆರೆಯಿಂದ ಜೋಡಿಸಿದ ನಕ್ಷೆ ತೆರೆಯಿರಿ. ಎರಡು ಗೆರೆಗಳ ನಡುವೆ ಎತ್ತರದ ಅಂತರ ಎಷ್ಟು ಅಂತ ಮೊದಲು ನೋಡಿಕೊಳ್ಳಿ. ಅದು 20 ಮೀಟರ್ ಅಂತಿಟ್ಟುಕೊಳ್ಳಿ. ನಿಮ್ಮ ದಾರಿ ಒಂದು ಗೆರೆಯಿಂದ ಇನ್ನೊಂದಕ್ಕೆ 400 ಮೀಟರ್ ತೆಗೆದುಕೊಂಡರೆ ಶೇ 5. 200 ಮೀಟರಿಗೇ ಮುಟ್ಟಿದರೆ ಶೇ 10. ದಾರಿ ಗೆರೆಗಳ ಜೊತೆ ಜೊತೆಗೇ ಸಾಗಿದರೆ ಮಟ್ಟಸ. ಗೆರೆಗಳನ್ನು ನೇರವಾಗಿ ಕತ್ತರಿಸುತ್ತಾ ಹೋದರೆ ಆ ದಾರಿ ಬಿಡಿ. ಒಂದು ಸಂಜೆ ಕೂತು ಎಣಿಸಿದರೆ ಕಣ್ಣಿಗೆ ಅಭ್ಯಾಸವಾಗುತ್ತದೆ.

ನಾಲ್ಕನೆಯದು ನೆಲ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ಆನ್‌ಲೈನ್ ನಕ್ಷೆಯಲ್ಲಿ ಕಚ್ಚಾ ದಾರಿಗಳಿಗೆ ಗ್ರೇಡ್ 1ರಿಂದ 5ರವರೆಗೆ ಗುರುತು ಇರುತ್ತದೆ. 1 ಅಂದರೆ ಗಟ್ಟಿ ನೆಲ, 5 ಅಂದರೆ ಮೆತ್ತನೆಯ ಮಣ್ಣು, ಹುಲ್ಲು. ನಾನು 3ರ ಆಚೆ ಹೋಗುವುದಿಲ್ಲ, ಮಳೆಗಾಲದಲ್ಲಿ 2ಕ್ಕೇ ನಿಲ್ಲುತ್ತೇನೆ. ಈ ಗುರುತು ಹಾಕುವವರು ಸ್ವಯಂಸೇವಕರು. ಎಷ್ಟೋ ದಾರಿಗೆ ಗುರುತೇ ಇರುವುದಿಲ್ಲ. ಅಲ್ಲಿ ಉಪಗ್ರಹ ಚಿತ್ರ ನೋಡಿ. ಎರಡು ಚಕ್ರದ ಗುರುತು, ನಡುವೆ ಹುಲ್ಲಿನ ಪಟ್ಟಿ ಕಂಡರೆ ಜೀಪು ಓಡಾಡುವ ದಾರಿ, ಪರವಾಗಿಲ್ಲ. ದಾರಿ ಮರಗಳಡಿ ಮಾಯವಾಗಿ ಆಚೆ ಕಡೆ ಕಾಣದೇ ಹೋದರೆ ಅದನ್ನು ರೂಟ್‌ನಿಂದ ತೆಗೆಯಿರಿ. ದಾರಿ ಹಳ್ಳ ದಾಟುವ ಕಡೆಯೆಲ್ಲ ಸೇತುವೆ ಇದೆಯೇ ನೋಡಿ. ಹಿಮ ಕರಗಿ ಹರಿಯುವ ಹಳ್ಳಗಳಲ್ಲಿ ಬೆಳಿಗ್ಗೆ ನೀರು ಕಡಿಮೆ, ಮಧ್ಯಾಹ್ನದ ಮೇಲೆ ಏರುತ್ತದೆ. ಕಾಡಿನ ದಾರಿ, ಖಾಸಗಿ ಜಮೀನು ಆದರೆ ಮೊದಲೇ ಅನುಮತಿ ಕೇಳಿ.

ಬೇರೆಯವರ ರೂಟ್ ಇಳಿಸಿಕೊಳ್ಳುವ ಅಡ್ಡದಾರಿ ಇದೆಯಲ್ಲ, ಅದರ ಬಗ್ಗೆ ಎಚ್ಚರ. ಅವರು ಯಾವ ಸೈಕಲ್‌ನಲ್ಲಿ, ಯಾವ ತಿಂಗಳಲ್ಲಿ, ಯಾವ ದಿಕ್ಕಿಗೆ ಹೋದರು ಅಂತ ತಿಳಿಯದೆ ಬಳಸಬೇಡಿ. ಹೆಚ್ಚು ಜನ ಓಡಾಡಿದ ದಾರಿಯನ್ನು ಹೊಳಪಾಗಿ ತೋರಿಸುವ ಹೀಟ್‌ಮ್ಯಾಪ್‌ನ ಗೆರೆಯೂ ಅಷ್ಟೇ. ಅದು ಮೌಂಟನ್ ಬೈಕ್‌ನವರದ್ದೋ ಚಾರಣಿಗರದ್ದೋ ಇರಬಹುದು.

ಐದನೆಯದು ದಿಕ್ಕು. ಒಂದೇ ಸುತ್ತನ್ನು ಎಡದಿಂದ ಹೋಗುವುದಕ್ಕೂ ಬಲದಿಂದ ಹೋಗುವುದಕ್ಕೂ ತುಂಬ ವ್ಯತ್ಯಾಸ. ಡಾಂಬರಿನಲ್ಲಿ ಹತ್ತಿ ಜಲ್ಲಿಯಲ್ಲಿ ಇಳಿಯಿರಿ ಅಂತ ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಡಿದಾದ, ಸಡಿಲ ಕಲ್ಲಿನ ಬದಿಯನ್ನು ಹತ್ತಲು ಇಟ್ಟುಕೊಳ್ಳಿ. ಹತ್ತಲಾಗದಿದ್ದರೆ ಇಳಿದು ತಳ್ಳಬಹುದು. ಇಳಿಯುವಾಗ ಹಿಡಿತ ತಪ್ಪಿದರೆ ಕೈಕಾಲು ಮುರಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿ ಹಿಡಿದೇ ಇರಬೇಡಿ, ಡಿಸ್ಕ್ ಕಾದು ಹಿಡಿತ ಕಡಿಮೆಯಾಗುತ್ತದೆ. ತಿರುವಿಗೆ ಮೊದಲೇ ವೇಗ ತಗ್ಗಿಸಿ, ತಿರುವಿನೊಳಗೆ ಬ್ರೇಕ್ ಬಿಟ್ಟು ಸಾಗಿ.

ಸೈಕಲ್ ವಿಷಯ ಹೆಚ್ಚಿಲ್ಲ. ಟೈರಿನ ಅಗಲ 40 ಮಿಲಿಮೀಟರ್‌ಗಿಂತ ಕಡಿಮೆ ಬೇಡ. ಗಾಳಿ ಹಾಕುವಾಗ ಟೈರಿನ ಬದಿಯಲ್ಲಿ ಬರೆದ ಗರಿಷ್ಠ ಅಂಕಿಯವರೆಗೆ ತುಂಬಬೇಡಿ. 70 ಕಿಲೋ ತೂಕದವರು ಟ್ಯೂಬ್‌ಲೆಸ್ ಟೈರಿಗೆ 30ರಿಂದ 35 ಪಿಎಸ್‌ಐನಿಂದ ಶುರುಮಾಡಿ ನೋಡಬಹುದು. ಟ್ಯೂಬ್ ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಹಿಂದಿನ ಅತಿ ದೊಡ್ಡ ಗೇರಿನ ಹಲ್ಲುಗಳು ಪೆಡಲ್ ಬಳಿಯ ಚಿಕ್ಕ ಹಲ್ಲುಚಕ್ರದ ಹಲ್ಲುಗಳಿಗೆ ಸಮವಾದರೂ ಇರಬೇಕು. ಅಗ್ಗದ ಪ್ಲಾಸ್ಟಿಕ್ ಮೊಬೈಲ್ ಹೋಲ್ಡರ್ ಕೊಳ್ಳಬೇಡಿ. ಜಲ್ಲಿಯ ಕುಲುಕಿಗೆ ಅದರ ಹಿಡಿತ ಸಡಿಲವಾಗಿ ಫೋನ್ ಕಣಿವೆ ಪಾಲಾಗುತ್ತದೆ. ಟೈರಿಗೆ ಗಾಳಿ ತುಂಬುವ ಪುಟ್ಟ ಗ್ಯಾಸ್ ಕಾರ್ಟ್ರಿಜ್ ಇದೆ ಅಂತ ಕೈಪಂಪ್ ಬಿಟ್ಟುಹೋಗುವುದೂ ತಪ್ಪು, ಅದು ಒಂದು ಸಲಕ್ಕೆ ಮುಗಿಯಿತು.

ಕೊನೆಯದಾಗಿ, ಸುತ್ತಿನ ನಡುವೆ ಊರಿಗೋ ಡಾಂಬರು ರಸ್ತೆಗೋ ಇಳಿಯುವ ಎರಡು ಅಡ್ಡದಾರಿ ಗುರುತಿಸಿ. ನಕ್ಷೆಯನ್ನು ನೆಟ್ ಇಲ್ಲದೆ ತೆರೆಯುವಂತೆ ಫೋನಿಗೆ ಇಳಿಸಿಕೊಳ್ಳಿ. ಪ್ರತಿ 1,000 ಮೀಟರ್ ಎತ್ತರಕ್ಕೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಚಳಿ ಹೆಚ್ಚುತ್ತದೆ. ಹತ್ತುವಾಗ ಬೆವರಿದ ಮೈಗೆ ಇಳಿಯುವಾಗ ಗಾಳಿ ಹೊಡೆಯುತ್ತದೆ, ತೆಳುವಾದ ಜಾಕೆಟ್ ಇರಲಿ. ಬೆಳಕು ಹರಿಯುತ್ತಲೇ ಹೊರಡಿ. ಎಷ್ಟು ಗಂಟೆಗೆ ಮೇಲೆ ಮುಟ್ಟಬೇಕು ಅಂತ ಬರೆದುಕೊಳ್ಳಿ. ಆ ಹೊತ್ತಿಗೆ ಮುಟ್ಟದಿದ್ದರೆ ಹತ್ತಿರದ ಅಡ್ಡದಾರಿ ಹಿಡಿದು ಇಳಿಯಿರಿ.