ಮದುವೆಗೆ ಡಿಜಿಟಲ್, ಆಲೆಮನೆಗೆ ರೀಲು

ಮಂಡ್ಯದಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೋ. ಹೊಟ್ಟೆಪಾಡು ಪೂರ್ತಿ ಡಿಜಿಟಲ್‌ನಲ್ಲೇ. ಆದರೂ ಬ್ಯಾಗಿನಲ್ಲಿ ಹಳೇ ಫಿಲ್ಮ್ ರೀಲಿನ ಕ್ಯಾಮೆರಾ, ಪೆಂಟಾಕ್ಸ್ ಕೆ1000 ಒಂದು ಇದ್ದೇ ಇರುತ್ತದೆ. ಕೆಲಸ ಕಲಿಯುವ ಹುಡುಗರು ಕೇಳುತ್ತಾರೆ, "ಅಣ್ಣ, ಈ ಕಾಲದಲ್ಲೂ ರೀಲು ಯಾಕಣ್ಣ?" ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಅಂತ ತಿಳಿದುಕೊಂಡರೆ ಅದಕ್ಕೂ ಜಾಗ ಇದೆ.

ಮೊದಲು ಹಾಕಬಾರದ ಕಡೆ. ದುಡ್ಡು ತೆಗೆದುಕೊಂಡ ಕೆಲಸಕ್ಕೆ ರೀಲು ಬೇಡ. ಧಾರೆ ಹೊತ್ತಿಗೆ ಛತ್ರದಲ್ಲಿ ವಿಡಿಯೋದವರ ಲೈಟು ಒಂದು ಬಣ್ಣ, ಟ್ಯೂಬ್‌ಲೈಟು ಇನ್ನೊಂದು ಬಣ್ಣ, ನಡುವೆ ಹೋಮದ ಹೊಗೆ. ಡಿಜಿಟಲ್ ಆದರೆ ಅಲ್ಲೇ ನೋಡಿ ಸರಿಮಾಡಿಕೊಳ್ಳಬಹುದು. ತಾಳಿಯನ್ನು ಇನ್ನೊಂದು ಸಲ ಕಟ್ಟಿಸುವುದಕ್ಕೆ ಆಗುವುದಿಲ್ಲ ಅಲ್ವಾ? ರಂಗನತಿಟ್ಟಿಗೂ ಡಿಜಿಟಲ್ಲೇ ಸರಿ. ಕೊಕ್ಕರೆ ಹಾರುವ ಹೊತ್ತಿಗೆ ರೀಲಿನ 36 ಫೋಟೋ ಮುಗಿದಿರುತ್ತದೆ.

ರೀಲಿಗೆ ಕೊಡಬೇಕಾದದ್ದು ಅವಸರ ಇಲ್ಲದ ವಿಷಯ, ಜೊತೆಗೆ ಮುಂದಿನವರಿಗೂ ಉಳಿಯಬೇಕಾದ ಮುಖ. ಮನೆಯ ಹಿರಿಯರು, ದೇವರಾಜ ಮಾರ್ಕೆಟ್ಟಿನಲ್ಲಿ ಹೂ ಕಟ್ಟುವವರು, ಆಲೆಮನೆ. ಮೈಸೂರಿನ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ (1923–2009) ಅವರ ಕಪ್ಪು ಬಿಳುಪು ಚಿತ್ರಗಳನ್ನು ಒಮ್ಮೆ ನೋಡಿ. ಸಾಮಾನ್ಯ ಜನ ತಮ್ಮ ಪಾಡಿಗೆ ತಾವಿದ್ದಾರೆ, ಅಷ್ಟೇ. ಅದನ್ನು ಹಿಡಿಯುವುದು ಎಷ್ಟು ಕಷ್ಟ ಅನ್ನೋದು ನಾವು ಹೋಗಿ ನಿಂತಾಗ ಗೊತ್ತಾಗುತ್ತದೆ.

ಉಳಿಯುವ ಮಾತು ಸುಮ್ನೆ ಹೇಳಿದ್ದಲ್ಲ. ತಾತನ ತಿಥಿಗೆ ಫೋಟೋ ಬೇಕು ಅಂತ ಜನ ಸ್ಟುಡಿಯೋಗೆ ಬರುತ್ತಾರೆ. ರೀಲಿನ ಕಾಲದ ಮದುವೆ ಆದರೆ ಕವರಿನಿಂದ ನೆಗೆಟಿವ್ ಎಳೆದು ಬೆಳಕಿಗೆ ಹಿಡಿದರೆ ಸಾಕು, ತಾತ ಪೇಟ ಕಟ್ಟಿಕೊಂಡು ಕೂತಿರುತ್ತಾರೆ. ಆಮೇಲಿನ ಕಾಲದವರು ಸಿ.ಡಿ. ತರುತ್ತಾರೆ. ಹಾಕೋಣ ಅಂದರೆ ಈಗಿನ ಲ್ಯಾಪ್‌ಟಾಪಿನಲ್ಲಿ ಡ್ರೈವೇ ಇಲ್ಲ. ಹುಡುಕಿ ಹಾಕಿದರೂ ಎಷ್ಟೋ ಸಲ ಓಪನ್ ಆಗುವುದಿಲ್ಲ.

ಹಳೇ ಕ್ಯಾಮೆರಾ ಕೊಳ್ಳುವಾಗ ಹಿಂದಿನ ಬಾಗಿಲು ತೆಗೆದು ನೋಡಿ. ಅಂಚಿನ ಕಪ್ಪು ಸ್ಪಂಜು ಕೈಗೆ ಅಂಟುತ್ತಿದ್ದರೆ ಒಳಗೆ ಬೆಳಕು ಸೋರುತ್ತದೆ, ಹೊಸದು ಹಾಕಿಸಬೇಕು. ಶಟರನ್ನು 1 ಸೆಕೆಂಡಿಗೆ ಇಟ್ಟು ಒತ್ತಿ. ಸಿಕ್ಕಿಹಾಕಿಕೊಂಡರೆ ಬಿಟ್ಟುಬಿಡಿ. ಲೆನ್ಸನ್ನು ಟಾರ್ಚಿಗೆ ಹಿಡಿದು ಒಳಗೆ ಎಳೆ ಎಳೆಯಾಗಿ ಬೂಷ್ಟು ಬಂದಿದೆಯಾ ನೋಡಿ. ಕೆ1000 ಆದರೆ ಬ್ಯಾಟರಿ ಬೆಳಕು ಅಳೆಯುವ ಮೀಟರಿಗೆ ಮಾತ್ರ; ಅದು ಸತ್ತರೂ ಶಟರು ಓಡುತ್ತದೆ.

ರೀಲು ಹಾಕಿದ ಮೇಲೆ ಮುಂದಕ್ಕೆ ತಿರುಗಿಸುವಾಗ ಎಡಗಡೆಯ ರಿವೈಂಡ್ ಗುಬುಟನ್ನು ನೋಡುತ್ತಿರಿ. ಅದೂ ಜೊತೆಗೆ ಸುತ್ತಿದರೆ ಮಾತ್ರ ಒಳಗೆ ಫಿಲ್ಮ್ ಓಡುತ್ತಿದೆ ಅಂತ. ಕೌಂಟರನ್ನು ನಂಬಬೇಡಿ. ಫಿಲ್ಮ್ ಹಲ್ಲಿಗೆ ಸಿಕ್ಕದೇ ಇದ್ದರೂ ಅದು ಎಣಿಸುತ್ತಲೇ ಹೋಗುತ್ತದೆ.

ಈಗ ಆಲೆಮನೆ. ನಮ್ಮ ಕಡೆ ಕಬ್ಬಿನ ಗದ್ದೆ ಪಕ್ಕದಲ್ಲೇ ಇರುತ್ತದೆ, ಕೇಳಿಕೊಂಡರೆ ಒಳಗೆ ಬಿಡುತ್ತಾರೆ, ಒಂದು ಲೋಟ ಹಾಲನ್ನೂ ಕೊಡುತ್ತಾರೆ (ಕಬ್ಬಿನ ಹಾಲು ಸ್ವಾಮಿ). ಒಳಗೆ ಕತ್ತಲು. ಸೂರಿನ ಸಂದಿಯಿಂದ ಬಿಸಿಲು ಓರೆಯಾಗಿ ಬಿದ್ದು ಕೊಪ್ಪರಿಗೆಯ ಹಬೆ ಬೆಳ್ಳಗೆ ಹೊಳೆಯುತ್ತಿರುತ್ತದೆ. ಡಿಜಿಟಲ್‌ನಲ್ಲಿ ಪಾಕ ತಿರುವುವವನ ಮುಖಕ್ಕೆ ಬೆಳಕು ಹೊಂದಿಸಿದರೆ ಹಬೆ ಪೂರ್ತಿ ಬಿಳಿಯಾಗಿ ಹೋಗುತ್ತದೆ. ಹಬೆಗೆ ಹೊಂದಿಸಿದರೆ ಮುಖ ಕಪ್ಪು. ನೆಗೆಟಿವ್ ಫಿಲ್ಮಿನ ಗುಣ ಬೇರೆ. ಬೆಳಕು ಜಾಸ್ತಿ ಆದರೆ ತಡೆದುಕೊಳ್ಳುತ್ತದೆ, ಕಡಿಮೆ ಆದರೆ ಮುನಿಸಿಕೊಳ್ಳುತ್ತದೆ. ಹಾಗಾಗಿ ಹತ್ತಿರ ಹೋಗಿ ಮುಖದ ನೆರಳಿನ ಕಡೆ ಮೀಟರ್ ನೋಡಿ, ಅದಕ್ಕೇ ಇಡಿ. ಹಬೆಯ ಸುರುಳಿಗಳೂ ನೆಗೆಟಿವ್‌ನಲ್ಲಿ ಉಳಿದಿರುತ್ತವೆ.

ಮೀಟರ್ ಕೆಟ್ಟಿದ್ದರೆ ಡಿಜಿಟಲ್ಲನ್ನೇ ಮೀಟರ್ ಮಾಡಿಕೊಳ್ಳಿ. ಐಎಸ್‌ಒ (ಬೆಳಕಿಗೆ ಸ್ಪಂದಿಸುವ ವೇಗ) ಫಿಲ್ಮಿನಷ್ಟೇ, 400ಕ್ಕೆ ಇಟ್ಟು ಹಬೆ ಉಳಿಯುವ ಹಾಗೆ ಒಂದು ತೆಗೆಯಿರಿ. ಬಂದ ಅಳತೆಗೆ ಒಂದು ಸ್ಟಾಪ್ ಬೆಳಕು ಜಾಸ್ತಿ ಸೇರಿಸಿ, ಅಂದರೆ ಎರಡರಷ್ಟು ಬೆಳಕು ಬೀಳುವ ಹಾಗೆ, ರೀಲಿಗೆ ಇಡಿ. ಹೊರಗೆ ನೆತ್ತಿ ಬಿಸಿಲಿದ್ದರೆ ಅದೂ ಬೇಕಿಲ್ಲ: 400 ಫಿಲ್ಮಿಗೆ ಅಪರ್ಚರ್ ಎಫ್/16, ಶಟರು 1/500 ಸೆಕೆಂಡು.

ರೀಲು ತೊಳೆಯುವ ಕೆಲಸದಲ್ಲಿ ಬಣ್ಣದ್ದನ್ನು ಲ್ಯಾಬಿಗೆ ಕೊಟ್ಟುಬಿಡಿ. ಅದಕ್ಕೆ 37.8 ಡಿಗ್ರಿ ಬಿಸಿಯನ್ನು ಬಿಡದೆ ಕಾಯ್ದುಕೊಳ್ಳಬೇಕು. ಕೊಡುವಾಗಲೇ "ನೆಗೆಟಿವ್ ವಾಪಸ್ ಬೇಕು" ಅಂತ ಕವರಿನ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ಕಂಪ್ಯೂಟರಿಗೆ ಫೋಟೋ ಕಳಿಸಿ ನೆಗೆಟಿವ್ ಮರೆಯುವವರಿದ್ದಾರೆ.

ಕಪ್ಪು ಬಿಳುಪು ಮನೆಯಲ್ಲೇ ಆಗುತ್ತದೆ. ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಫಿಲ್ಮನ್ನು ತಯಾರಿಸಿದ ಮೇಲೆ ಮತ್ತೆ ನೀರು ಬೆರೆಸದ ಡಿ-76 ಡೆವಲಪರಿನಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ ಇಡಬೇಕು. ನಮ್ಮ ಕಡೆ ಏಪ್ರಿಲ್‌ನಲ್ಲಿ ತೊಟ್ಟಿಯ ನೀರು 20 ಇರುತ್ತದಾ? ಬೇಸಿನ್ನಿಗೆ ಐಸ್ ಹಾಕಿ ಬಾಟಲಿ ಅದರಲ್ಲಿ ಕೂರಿಸಿ, ಥರ್ಮಾಮೀಟರ್ ನೋಡಿ ತೆಗೆಯಿರಿ. ಸುರಿದ ಮೇಲೆ ಮೊದಲ ಹತ್ತು ಸೆಕೆಂಡು, ಆಮೇಲೆ ಪ್ರತಿ ನಿಮಿಷದ ಶುರುವಿಗೆ ಹತ್ತು ಸೆಕೆಂಡು, ಫಿಲ್ಮ್ ತುಂಬಿದ, ಬೆಳಕು ನುಗ್ಗದ ಟ್ಯಾಂಕನ್ನು ನಿಧಾನಕ್ಕೆ ತಲೆಕೆಳಗು ಮಾಡಿ. ಪ್ರತಿ ಸಲ ಟೇಬಲ್ಲಿಗೆ ಒಮ್ಮೆ ಕುಟ್ಟಿ. ಗಾಳಿಗುಳ್ಳೆ ಕೂತರೆ ಮುಖದ ಮೇಲೆ ಕಲೆ ಬೀಳುತ್ತದೆ. ಆಮೇಲೆ ಡೆವಲಪ್ ಆಗುವುದನ್ನು ನಿಲ್ಲಿಸುವ ಸ್ಟಾಪ್ ಬಾತ್, ಚಿತ್ರ ಉಳಿಸುವ ಹೈಪೋ, ನೀರಿನಲ್ಲಿ ತೊಳೆಯುವುದು. ಕೊನೆಯ ನೀರು ಮಾತ್ರ ಬೋರಿನದು ಬೇಡ, ಒಣಗಿದಾಗ ಬಿಳಿ ಚುಕ್ಕೆ ಕೂರುತ್ತದೆ. ಗ್ಯಾರೇಜಿನ ಪಕ್ಕದ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್, ಅದೇ ಬ್ಯಾಟರಿ ನೀರು, ಒಂದು ಲೀಟರ್ ಇಟ್ಟುಕೊಂಡಿರಿ. ಒಣಗಿಸುವುದಕ್ಕೆ ಬಚ್ಚಲುಮನೆ ವಾಸಿ, ಧೂಳು ಕಡಿಮೆ.

ಖರ್ಚಿನ ಲೆಕ್ಕ ನೀವೇ ಹಾಕಿ. ರೀಲು, ಕೆಮಿಕಲ್ಲು, ಲ್ಯಾಬು ಎಲ್ಲಾ ಕೂಡಿಸಿ 36ರಿಂದ ಭಾಗಿಸಿ. ಒಂದು ಕಾಲಕ್ಕೆ ಘಾಟಿ ಹತ್ತಿದರೆ ಊಟಿಯಲ್ಲೇ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರು 'ಇಂದು' ಫಿಲ್ಮ್ ಮಾಡುತ್ತಿದ್ದರು. ಆ ಕಾರ್ಖಾನೆ ಮುಚ್ಚಿತು. ಈಗ ಎಚ್‌ಪಿ5 ಇಂಗ್ಲೆಂಡಿನಿಂದ ಬರಬೇಕು, ಕೊಡಾಕ್ ಅಮೆರಿಕದಿಂದ. ಬೆಲೆ ನೋಡಿ ಕೈ ತಾನಾಗೇ ಹಿಡಿತಕ್ಕೆ ಬರುತ್ತದೆ, ಕ್ಲಿಕ್ಕಿಸುವ ಮುಂಚೆ ಜನ ಮಾತಾಡಿಸುವುದನ್ನು ಕಲಿಯುತ್ತಾರೆ.

ಒಣಗಿದ ನೆಗೆಟಿವ್ ಇಟ್ಟುಕೊಂಡು ಮತ್ತೆ ಡಿಜಿಟಲ್ ಹತ್ತಿರವೇ ಬರಬೇಕು. ಸ್ಕ್ಯಾನರ್ ಕೊಳ್ಳಬೇಕಿಲ್ಲ. ಎಲ್‌ಇಡಿ ಪ್ಯಾನೆಲ್ ಮೇಲೆ ನೆಗೆಟಿವ್ ಇಟ್ಟು, ಮ್ಯಾಕ್ರೋ ಲೆನ್ಸ್ ಹಾಕಿದ ಡಿಜಿಟಲ್ ಕ್ಯಾಮೆರಾವನ್ನು ಸ್ಟ್ಯಾಂಡಿನಲ್ಲಿ ನೇರ ಕೆಳಗೆ ನೋಡುವ ಹಾಗೆ ನಿಲ್ಲಿಸಿ ತೆಗೆಯಿರಿ. ರೂಮಿನ ಲೈಟು ಆರಿಸಿರಿ. ಕಂಪ್ಯೂಟರಿನಲ್ಲಿ ಕಪ್ಪು ಬಿಳುಪನ್ನು ಅದಲುಬದಲು (ಇನ್ವರ್ಟ್) ಮಾಡಿದರೆ ವಾಟ್ಸ್ಆ್ಯಪ್‌ಗೂ ಆಯಿತು, ಪ್ರಿಂಟಿಗೂ ಆಯಿತು. ನೆಗೆಟಿವನ್ನು ಆರಾರು ಫ್ರೇಮಿಗೆ ಕತ್ತರಿಸಿ ಕವರಿಗೆ ಹಾಕಿ, ಸಿಲಿಕಾ ಜೆಲ್ ಜೊತೆ ಡಬ್ಬಿಗೆ ಸೇರಿಸಿ. ಕವರಿಗೆ ಹಾಕುವ ಮುಂಚೆಯೇ ಅದರ ಮೇಲೆ ತಾರೀಕು, ಊರು, ಯಾರ ಮನೆ ಅಂತ ಪೆನ್ಸಿಲ್‌ನಲ್ಲಿ ಬರೆಯಿರಿ. ಒಳಗೆ ಹಾಕಿದ ಮೇಲೆ ಒತ್ತಿ ಬರೆದರೆ ನೆಗೆಟಿವ್ ಮೇಲೆ ಗೆರೆ ಬೀಳುತ್ತದೆ.