ಬೆಳಿಗ್ಗೆ ಊರು, ಸಂಜೆ ಕಡಲು: ಐರ್ಲೆಂಡ್ ಸುತ್ತಿದ ನನ್ನ ಅನುಭವ

2024ರ ಜೂನ್‌ನಲ್ಲಿ ನಾವು ಆರು ಜನ ಗೆಳೆಯರು ಎರಡು ಸಣ್ಣ ಕಾರುಗಳಲ್ಲಿ ಐರ್ಲೆಂಡಿನ ದಕ್ಷಿಣ ಮತ್ತು ಪಶ್ಚಿಮ ಕರಾವಳಿಯನ್ನು ಒಂಬತ್ತು ದಿನ ಸುತ್ತಿ, ತಲೆಗೆ ಹೆಚ್ಚುಕಡಿಮೆ 690 ಯೂರೋಗಳಲ್ಲಿ ಮುಗಿಸಿದೆವು ಎಂದರೆ ಡಬ್ಲಿನ್‌ನಲ್ಲಿರುವ ನನ್ನ ಕನ್ನಡ ಬಳಗದ ಅರ್ಧಕ್ಕರ್ಧ ಜನ ಈಗಲೂ ನಂಬುವುದಿಲ್ಲ. ಬೆಳಿಗ್ಗೆ ಊರುಗಳನ್ನು ನೋಡಿ, ಮಧ್ಯಾಹ್ನ ಮನೆಗೆ ಬಂದು ಉಂಡು ಮಲಗಿ, ಬಿಸಿಲಿಳಿದ ಮೇಲೆ ಕಡಲಿನ ಕಡೆಗೆ ಹೊರಡುವುದು, ಎಂಟು ರಾತ್ರಿಗಳನ್ನು ಮೂರೇ ಮನೆಗಳಲ್ಲಿ ಕಳೆಯುವುದು ಎಂಬ ಯೋಜನೆಯನ್ನು ಹೊರಡುವ ಮೊದಲು ತೋರಿಸಿದಾಗ, ಇದು ಸೋಮಾರಿಗಳ ಪ್ರವಾಸ ಎಂದು ಅವರು ನಕ್ಕಿದ್ದರು. ಅವರು ನಗಲು ಕಾರಣವೂ ಇತ್ತು, ಏಕೆಂದರೆ 2022ರಲ್ಲಿ ನಾನೇ ಮುಂದೆ ನಿಂತು ನಡೆಸಿದ ಪ್ರವಾಸ ಹೇಗೆ ಹಾಳಾಯಿತೆಂಬುದನ್ನು ಅವರೆಲ್ಲ ಬಲ್ಲರು.

ಆ ಪ್ರವಾಸದಲ್ಲಿ ಏಳು ಆಸನಗಳ ದೊಡ್ಡ ಆಟೊಮ್ಯಾಟಿಕ್ ವಾಹನವನ್ನು ಬಾಡಿಗೆಗೆ ಪಡೆದು, ಆರು ರಾತ್ರಿಗೆ ಆರು ಊರುಗಳಲ್ಲಿ ಕೋಣೆ ಕಾದಿರಿಸಿದ್ದೆ. ದಿನವೂ ಬೆಳಿಗ್ಗೆ ಪೆಟ್ಟಿಗೆ ತುಂಬುವುದರಲ್ಲಿ ಒಂದೂವರೆ ಗಂಟೆ ಹೋಗುತ್ತಿತ್ತು. ಎಲ್ಲಿಗೆ ಹೋದರೂ ಡಬ್ಲಿನ್‌ನಿಂದ ಹೊರಟ ಪ್ರವಾಸಿ ಬಸ್ಸುಗಳೊಂದಿಗೇ ತಲಪುತ್ತಿದ್ದೆವು. ಕೆರಿ ಜಿಲ್ಲೆಯ 179 ಕಿಲೊಮೀಟರ್‌ಗಳ ರಿಂಗ್ ಆಫ್ ಕೆರಿ ರಸ್ತೆಯಲ್ಲಿ ದೊಡ್ಡ ಬಸ್ಸುಗಳು ಅಪ್ರದಕ್ಷಿಣವಾಗಿ ಸುತ್ತುತ್ತವೆ. ಪ್ರದಕ್ಷಿಣೆ ಹಾಕಿಯೇ ಅಭ್ಯಾಸವಿದ್ದ ನಾವು ಎದುರು ದಿಕ್ಕಿನಿಂದ ಹೋಗಿ, ಒಂದು ತಿರುವಿನಲ್ಲಿ ಬಸ್ಸಿಗೆ ಜಾಗ ಬಿಡಲು ಎಡಕ್ಕೆ ಸರಿದಾಗ ಬೇಲಿಯೊಳಗೆ ಅಡಗಿದ್ದ ಕಲ್ಲುಗೋಡೆಗೆ ಕನ್ನಡಿಯನ್ನೂ ಬಾಗಿಲಿನ ಬಣ್ಣವನ್ನೂ ಒಪ್ಪಿಸಿದೆವು. ವಿಮೆಯ ಸಣ್ಣ ಅಕ್ಷರಗಳನ್ನು ಓದದೆ ಸಹಿ ಹಾಕಿದ್ದಕ್ಕೆ ಏಳುನೂರು ಯೂರೋಗಳ ಸುಮಾರಿಗೆ ತೆತ್ತೆ. ಡಬ್ಲಿನ್ ಸುತ್ತುವ ಎಂ-50 ಹೆದ್ದಾರಿಯಲ್ಲಿ ಟೋಲ್ ಗೇಟೇ ಇಲ್ಲ, ಮರುದಿನ ರಾತ್ರಿ ಎಂಟರೊಳಗೆ ನಾವೇ ನೆನಪಿಟ್ಟು ಹಣ ಕಟ್ಟಬೇಕು. ಅದನ್ನು ಮರೆತಿದ್ದರಿಂದ ಮೂರು ಚಿಲ್ಲರೆ ಯೂರೋಗಳ ಬಾಬತ್ತು ದಂಡ, ಸೇವಾಶುಲ್ಕ ಎಲ್ಲ ಸೇರಿ ಅರವತ್ತರ ಹತ್ತಿರ ಬಂದು ನಿಂತಿತು. ಒಂದು ಊರಿನಲ್ಲಿ ಚಕ್ರಕ್ಕೆ ಬೀಗ ಬಿದ್ದು ಅರ್ಧ ದಿನವೇ ಹೋಯಿತು. ತಲೆಗೆ ಸಾವಿರದ ಮೇಲೆ ಖರ್ಚಾಗಿ, ಹಿಂತಿರುಗುವಾಗ ಇಬ್ಬರು ಪರಸ್ಪರ ಮಾತು ಬಿಟ್ಟಿದ್ದರು.

ಎರಡನೆಯ ಸಲ ನಾನು ಮೊದಲು ಬದಲಿಸಿದ್ದು ಗಡಿಯಾರವನ್ನು. ಜೂನ್ ತಿಂಗಳಲ್ಲಿ ಗಾಲ್ವೇ ಕಡೆ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ, ಆದರೆ ಬಸ್ಸಿನವರು ಸಂಜೆ ನಾಲ್ಕಕ್ಕೇ ಡಬ್ಲಿನ್ ಕಡೆಗೆ ಮುಖ ಮಾಡುತ್ತಾರೆ. ನಡುವಿನ ಆರು ಗಂಟೆಗಳ ಬೆಳಕನ್ನು ಕೇಳುವವರೇ ಇಲ್ಲ. ಕಡಲಂಚಿನ ಮೋಹರ್ ಕಡಿಬಂಡೆಗಳ (ಕ್ಲಿಫ್ಸ್ ಆಫ್ ಮೋಹರ್) ಆವರಣ ಬೇಸಿಗೆಯಲ್ಲಿ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ ಮತ್ತು ಸಂಜೆಯ ಟಿಕೆಟ್ಟನ್ನು ಮುಂಚೆಯೇ ಕೊಂಡರೆ ದರವೂ ಕಡಿಮೆ. ನಾವು ಆರೂವರೆಗೆ ಹೋದಾಗ ವಾಹನ ನಿಲ್ದಾಣ ಮುಕ್ಕಾಲು ಖಾಲಿಯಾಗಿತ್ತು. ಪಶ್ಚಿಮದ ಇಳಿಬಿಸಿಲು ನೇರವಾಗಿ ಬಂಡೆಗಳ ಮುಖಕ್ಕೆ ಬೀಳುವುದರಿಂದ, ಮಧ್ಯಾಹ್ನ ಕಪ್ಪಗೆ ಮಾತ್ರ ಕಾಣುವ ಆ 214 ಮೀಟರ್ ಎತ್ತರದ ಗೋಡೆಯ ಒಂದೊಂದು ಪದರವೂ ಎಣಿಸುವಷ್ಟು ಸ್ಪಷ್ಟವಾಗಿತ್ತು. 2022ರಲ್ಲಿ ಅದೇ ಜಾಗದಲ್ಲಿ ನಾನು ನೋಡಿದ್ದು ಜನರ ಬೆನ್ನುಗಳನ್ನು ಮಾತ್ರ.

ಊರುಗಳಿಗೆ ಇದರ ತಿರುವುಮುರುವು. ಕಾರ್ಕ್ ನಗರದಲ್ಲಿ 1788ರಿಂದ ನಡೆಯುತ್ತಿರುವ ಇಂಗ್ಲಿಷ್ ಮಾರ್ಕೆಟ್ಟನ್ನು ಅಂಗಡಿಯವರು ಮೀನು ಜೋಡಿಸುವ ಹೊತ್ತಿಗೆ ನೋಡಬೇಕು; ಹನ್ನೊಂದರ ಮೇಲೆ ಅಲ್ಲಿ ಕಾಲಿಡಲೂ ಆಗದು, ಕಾರು ನಿಲ್ಲಿಸಲೂ ಆಗದು. ಟೈಟಾನಿಕ್ ಹಡಗು 1912ರ ಏಪ್ರಿಲ್ 11ರಂದು ಕೊನೆಯದಾಗಿ ತಂಗಿದ್ದ ಕೋವ್ ಎಂಬ ಬಂದರಿನೂರಿಗೂ ಬೆಳಿಗ್ಗೆಯೇ ಹೋದೆವು. ಅಲ್ಲಿ ಹಡಗು ಹತ್ತಿದ 123 ಜನರ ನೆನಪಿನಲ್ಲಿ ಗೆಳೆಯರು ಬಹಳ ಹೊತ್ತು ಕಳೆದರು. ನನ್ನ ಗಮನವೆಲ್ಲ ಆ ಇಳಿಜಾರಿನ ಬೀದಿಗಳಲ್ಲಿ ಕ್ಲಚ್ ಸುಡದಂತೆ ಕಾರು ಏರಿಸುವುದರ ಮೇಲಿತ್ತು. ಗಾಲ್ವೇ ನಗರದಲ್ಲಿ ಎಂಟು ಗಂಟೆಗೆ ಬೀದಿ ಗಾಯಕರು ಬರುವ ಮುನ್ನ ಸ್ಪ್ಯಾನಿಷ್ ಆರ್ಚ್‌ವರೆಗೆ ನಡೆದೆವು. ಗರ್ಭಪಾತಕ್ಕೆ ಅವಕಾಶ ಸಿಗದೆ 2012ರಲ್ಲಿ ತೀರಿಕೊಂಡ ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ ವಾಸವಾಗಿದ್ದ ಊರದು. 2018ರ ಮೇ ತಿಂಗಳ ಜನಮತಗಣನೆಯಲ್ಲಿ ಈ ದೇಶ ತನ್ನ ಗರ್ಭಪಾತದ ಕಾನೂನನ್ನೇ ಬದಲಿಸಿದಾಗ ಎಲ್ಲರ ಬಾಯಲ್ಲೂ ಇದ್ದದ್ದು ಆಕೆಯ ಹೆಸರು. ಅಲ್ಲಿ ನಾವು ಹೆಚ್ಚು ಮಾತಾಡಲಿಲ್ಲ.

ಮನೆಗಳ ಆಯ್ಕೆಯೇ ಈ ಯೋಜನೆಯ ಬೆನ್ನೆಲುಬು. ಮೊದಲನೆಯದು ಕಾರ್ಕ್ ನಗರಕ್ಕೆ ಪೂರ್ವದ ಮಿಡಲ್ಟನ್, ಎರಡನೆಯದು ಕಿಲೋರ್ಗ್ಲಿನ್, ಮೂರನೆಯದು ಕಿನ್ವಾರಾ. ಕೆರಿಗೆ ಹೋದವರೆಲ್ಲ ಕಿಲಾರ್ನಿಯಲ್ಲಿ ಇಳಿದುಕೊಳ್ಳುತ್ತಾರೆ, ಅಲ್ಲಿ ಜೂನ್ ತಿಂಗಳ ದರ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಕಿಲೋರ್ಗ್ಲಿನ್ ಅದೇ ರಿಂಗ್ ರಸ್ತೆಯ ಮೇಲಿದ್ದು, ಡಿಂಗಲ್ ಪರ್ಯಾಯದ್ವೀಪಕ್ಕೂ ಹತ್ತಿರ. ಕಿನ್ವಾರಾದಿಂದ ಒಂದು ಕಡೆಗೆ ಬರೆನ್ ಸುಣ್ಣಕಲ್ಲಿನ ಬಯಲು, ಇನ್ನೊಂದು ಕಡೆಗೆ ಗಾಲ್ವೇ, ಎರಡೂ ಸಮೀಪ. ಈ ಮನೆಗಳನ್ನು ಸರಾಸರಿ ರಾತ್ರಿಗೆ 190 ಯೂರೋಗಳ ಆಸುಪಾಸಿನಲ್ಲಿ ಹೇಗೆ ಹಿಡಿದೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಮುಂದಿನ ವರ್ಷ ನನಗೂ ಮನೆ ಬೇಕು.

ದೊಡ್ಡ ವಾಹನಕ್ಕಿಂತ ಎರಡು ಸಣ್ಣ ಕಾರುಗಳು ಅಗ್ಗವಾಗುತ್ತವೆ ಎಂದರೆ ಯಾರೂ ಒಪ್ಪಿರಲಿಲ್ಲ. ನಾವು ಕೈ ಗೇರಿನವರು, ಎಡಬದಿಯಲ್ಲಿ ಓಡಿಸಿ ಬೆಳೆದವರು. ಅಮೆರಿಕದಿಂದ ಬಂದವರು ಆಟೊಮ್ಯಾಟಿಕ್‌ಗೆ ಮುಗಿಬೀಳುವ ಈ ದೇಶದಲ್ಲಿ ಅದೇ ನಮ್ಮ ಬಂಡವಾಳ. ಒಂದನ್ನು ಐರಿಷ್ ಪರವಾನಗಿಗೆ ಮೊದಲಿನಿಂದ ಪರೀಕ್ಷೆ ಕೊಟ್ಟು ಗೆದ್ದ ನಾನು, ಇನ್ನೊಂದನ್ನು ಹಾಸನದ ಗೆಳೆಯ ತನ್ನ ಭಾರತದ ಪರವಾನಗಿಯಲ್ಲೇ ಓಡಿಸಿದೆವು. ಪೂರ್ಣ ವಿಮೆಯೂ ಸೇರಿ ಎರಡಕ್ಕೂ 1,150ರಷ್ಟು, ಪೆಟ್ರೋಲಿಗೆ 300ರಷ್ಟು ಹಿಡಿಯಿತು. ಇಲ್ಲಿ ಹಸಿರು ಪಂಪು ಪೆಟ್ರೋಲಿನದು, ಕಪ್ಪು ಪಂಪು ಡೀಸೆಲಿನದು ಎಂದು ಇಬ್ಬರ ಕೀಲಿಗೂ ಚೀಟಿ ಕಟ್ಟಿದ್ದೆ. ಮನೆಗಳಿಗೆ 1,500, ಟಿಕೆಟ್ಟುಗಳಿಗೆ 400, ಊಟದ ಸಾಮಾನು ಮತ್ತು ಹೊರಗಿನ ತಿಂಡಿಗೆ 700, ದೋಣಿ ಮತ್ತು ಟೋಲ್‌ಗೆ 90. ಟಾರ್ಬರ್ಟ್‌ನಿಂದ ಕಿಲ್ಲಿಮರ್‌ಗೆ ಕಾರುಗಳನ್ನೇ ಹೊತ್ತೊಯ್ಯುವ ದೋಣಿಗೆ ದುಡ್ಡೇಕೆ ಎಂದು ಲೆಕ್ಕ ಬರೆಯುತ್ತಿದ್ದವನು ಜಗಳ ತೆಗೆದ. ಆ ಇಪ್ಪತ್ತು ನಿಮಿಷ ಶಾನನ್ ನದಿಯ ಮುಖವನ್ನು ಸುತ್ತುವ 137 ಕಿಲೊಮೀಟರ್‌ಗಳನ್ನು ಉಳಿಸುತ್ತದೆ ಎಂದು ಗೊತ್ತಾದ ಮೇಲೆ ದೋಣಿಯ ಮೇಲೆ ನಿಂತು ಫೋಟೊ ತೆಗೆಸಿಕೊಂಡವನೂ ಅವನೇ.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದಲ್ಲ. 618 ಮೆಟ್ಟಿಲುಗಳ ಸ್ಕೆಲಿಗ್ ಮೈಕಲ್ ದ್ವೀಪಕ್ಕೆ ತಿಂಗಳುಗಳ ಮೊದಲೇ ಕಾದಿರಿಸಿದ ದೋಣಿ, ಅಲೆ ಜೋರೆಂಬ ಕಾರಣಕ್ಕೆ ಹಿಂದಿನ ಸಂಜೆ ರದ್ದಾಯಿತು. ಹಣವೇನೋ ಮರಳಿ ಬಂತು. ಅದರ ಬದಲು ಸೇತುವೆ ದಾಟಿ ವ್ಯಾಲೆನ್ಷಿಯಾ ದ್ವೀಪದ ಬ್ರೇ ಹೆಡ್ ಗುಡ್ಡ ಹತ್ತಿ ದೂರದಿಂದಲೇ ಸ್ಕೆಲಿಗ್ ನೋಡಿದೆವು. 1866ರಲ್ಲಿ ಅಟ್ಲಾಂಟಿಕ್ ಸಾಗರದಡಿಯ ತಂತಿ ಕೆನಡಾದ ಕಡೆಗೆ ಹೊರಟ ಈ ದ್ವೀಪದಲ್ಲಿ ನಮ್ಮ ಯಾರ ಮೊಬೈಲಿಗೂ ಸಿಗ್ನಲ್ ಇರಲಿಲ್ಲ. ಡಿಂಗಲ್ ಕಡೆ ಐರಿಷ್ ನುಡಿಯ ಪ್ರದೇಶವಾದ್ದರಿಂದ ಹಲವು ಫಲಕಗಳಲ್ಲಿ ಊರಿನ ಹೆಸರು ಐರಿಷ್‌ನಲ್ಲಿ ಮಾತ್ರ ಇರುತ್ತದೆ. ಎರಡನೆಯ ಕಾರಿನವರು ಡಿಂಗಲ್ ಎಂಬ ಫಲಕವನ್ನೇ ಹುಡುಕುತ್ತ ಹೋಗಿ ಒಂದು ಹಸುಗಳ ಕೊಟ್ಟಿಗೆಯ ಮುಂದೆ ನಿಂತಿದ್ದರು. ಅಲ್ಲಿನ ಸ್ಲೇ ಹೆಡ್ ಸುತ್ತುರಸ್ತೆಯನ್ನು ಮಾತ್ರ ಪ್ರದಕ್ಷಿಣವಾಗಿಯೇ ಹೋಗಬೇಕು, ಅಲ್ಲಿ ನಮ್ಮ ಹಳೆಯ ಅಭ್ಯಾಸ ನೆರವಿಗೆ ಬಂತು. ಎದುರಿನವರು ಸ್ಟಿಯರಿಂಗ್‌ನಿಂದ ಒಂದೇ ಬೆರಳೆತ್ತಿ ನಮಸ್ಕರಿಸುವುದನ್ನು ಕಂಡು, ಮೂರನೆಯ ದಿನದಿಂದ ನಾವೂ ಬೆರಳೆತ್ತತೊಡಗಿದೆವು.

ಅಡುಗೆಯಲ್ಲಿ ಎರಡು ಪ್ರಯೋಗ ಮಾಡಿದೆವು. ಭಾರತದಿಂದ ಹಾಲಿನ ಪದಾರ್ಥ ತರುವಂತಿಲ್ಲವಾದ್ದರಿಂದ ಇಲ್ಲಿನ ಹಳದಿ ಬೆಣ್ಣೆಯನ್ನೇ ಕಾಯಿಸಿದೆವು. ಹುಲ್ಲು ಮೇದ ಹಸುವಿನ ಆ ತುಪ್ಪಕ್ಕೆ ಊರಿನ ತುಪ್ಪವೂ ಸಾಟಿಯಲ್ಲವೆಂದು ಗೆಳೆಯನೊಬ್ಬ ಅಮ್ಮನಿಗೆ ಫೋನಿನಲ್ಲಿ ಹೇಳಿ ಬೈಸಿಕೊಂಡ. ದೋಸೆ ಹಿಟ್ಟು ಮಿಡಲ್ಟನ್‌ನ ಹದಿನಾಲ್ಕು ಡಿಗ್ರಿಯಲ್ಲಿ ಎರಡು ದಿನವಾದರೂ ಉಬ್ಬಲಿಲ್ಲ. ಕಿಲೋರ್ಗ್ಲಿನ್‌ನ ಮನೆಯಲ್ಲಿ ಬಿಸಿನೀರಿನ ಹಂಡೆ ಇಟ್ಟಿದ್ದ ಬೀರುವಿನೊಳಗೆ, ಇಲ್ಲಿನವರು ಹಾಟ್ ಪ್ರೆಸ್ ಎನ್ನುವ ಜಾಗದಲ್ಲಿ, ರಾತ್ರಿ ಇಟ್ಟ ಹಿಟ್ಟು ಬೆಳಿಗ್ಗೆ ಪಾತ್ರೆ ಮೀರಿ ಒಗೆದ ಟವೆಲ್‌ಗಳ ಮೇಲೆ ಹರಿದಿತ್ತು.

ಕೊನೆಯ ಎರಡು ಸಂಜೆಗಳನ್ನು ಗಾಲ್ವೇ ನಗರದ ಪಶ್ಚಿಮಕ್ಕಿರುವ ಕಾನೆಮಾರ ಪ್ರದೇಶಕ್ಕೆ ಕೊಟ್ಟೆವು. ಇಳಿತದ ಹೊತ್ತಿಗೆ ಮರಳಿನ ಮೇಲೆಯೇ ಕಾರಿನಲ್ಲಿ ಓಮೀ ದ್ವೀಪಕ್ಕೆ ದಾಟಬಹುದು. ಭರತ-ಇಳಿತದ ವೇಳಾಪಟ್ಟಿಯನ್ನು ಮೂರು ಸಲ ನೋಡಿಯೂ ಧೈರ್ಯ ಸಾಲದೆ ಕಾರುಗಳನ್ನು ಈಚೆ ನಿಲ್ಲಿಸಿ ನಡೆದೇ ದಾಟಿದೆವು. ಅಲ್ಲಿಗೆ ಸಮೀಪದ ಇನ್ನೊಂದು ಬಿಳಿಮರಳಿನ ತೀರದಲ್ಲಿ ರಾತ್ರಿ ಹತ್ತರವರೆಗೆ ನಮ್ಮ ಹೊರತು ಒಂದು ನಾಯಿ ಮಾತ್ರ ಇತ್ತು. ಆ ತೀರದ ಹೆಸರನ್ನು ಗೆಳೆಯರ ಫೋಟೊಗಳಿಂದಲೂ ಅಳಿಸಿಸಿದ್ದೇನೆ. ಬೆಲ್‌ಫಾಸ್ಟ್ ಕಡೆಗೆ ಹೋಗಲಿಲ್ಲ, ಏಕೆಂದರೆ ಅದಕ್ಕೆ ಬೇಕಾದ ಬ್ರಿಟನ್ನಿನ ವೀಸಾ ಇಬ್ಬರ ಬಳಿ ಇರಲಿಲ್ಲ, ನನ್ನ ಐರಿಷ್ ನಿವಾಸಿ ಕಾರ್ಡೂ ಅಲ್ಲಿ ನಡೆಯದು. ಮುಂದಿನ ಸಲ, ಸರದಿಯಲ್ಲಿ ನಿಂತು ಕಲ್ಲಿಗೆ ಮುತ್ತಿಡಬೇಕಾದ ಕಾರ್ಕ್ ಬಳಿಯ ಬ್ಲಾರ್ನಿ ಕೋಟೆಯನ್ನು ಕೈಬಿಟ್ಟು, ಆ ಅರ್ಧ ದಿನವನ್ನು ಬರೆನ್ ಬಯಲಿಗೆ ಸೇರಿಸುತ್ತೇನೆ; ದೋಸೆ ಹಿಟ್ಟಿನ ಪಾತ್ರೆಯನ್ನೂ ಒಂದು ಅಳತೆ ದೊಡ್ಡದನ್ನು ಒಯ್ಯುತ್ತೇನೆ.